ನೈಟ್ರಾಕ್ಸ್ ತರಬೇತಿ: ತುಮಕೂರಿನಿಂದ ಹೋಗಿ ಕಲಿತವನ ವಿಮರ್ಶೆ

ಸ್ಕೂಬಾ ಡೈವಿಂಗ್‌ನ ಮೊದಲ ಹಂತವಾದ ಓಪನ್ ವಾಟರ್ ಪ್ರಮಾಣಪತ್ರ ಪಡೆದು ನಾಲ್ಕು ವರ್ಷವಾದ ಮೇಲೆ, ಕಳೆದ ಡಿಸೆಂಬರಿನಲ್ಲಿ ಕರಾವಳಿಯ ಒಂದು ಡೈವಿಂಗ್ ಕೇಂದ್ರದಲ್ಲಿ ಎರಡು ದಿನ ತಂಗಿ ನೈಟ್ರಾಕ್ಸ್, ಅಂದರೆ ಆಮ್ಲಜನಕ ಹೆಚ್ಚಿಸಿದ ಗಾಳಿಯನ್ನು ಬಳಸುವ ತರಬೇತಿಯನ್ನು ಮುಗಿಸಿದೆ. ತುಮಕೂರಿಗೂ ಸಮುದ್ರಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ, ನಮ್ಮ ಊರಿನ ನಡುವೆ ಹಾದುಹೋಗುವ ಬಿ.ಎಚ್. ರಸ್ತೆಯ ‘ಎಚ್’ ಎಂದರೆ ಹೊನ್ನಾವರ ಎಂಬುದನ್ನು ನೆನಪಿಸುತ್ತೇನೆ. ಈ ಭಾಗದಿಂದ ಹೋಗುವವರಲ್ಲಿ ಅನೇಕರು ಮುರ್ಡೇಶ್ವರದ ಆಚೆಯ ನೇತ್ರಾಣಿ ದ್ವೀಪದ ಬಳಿ ಮೊದಲ ಸಲ ನೀರಿಗಿಳಿದಿರುತ್ತಾರೆ. ಅಲ್ಲಿಂದ ಮುಂದೆ ಏನು ಕಲಿಯಬೇಕೆಂದು ಯೋಚಿಸುತ್ತಿರುವವರಿಗೆ ಈ ತರಬೇತಿ ಹಣಕ್ಕೆ ತಕ್ಕದ್ದೇ ಎಂಬುದನ್ನು ಇಲ್ಲಿ ಪರಿಶೀಲಿಸಿದ್ದೇನೆ.

ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇ. 21ರಷ್ಟಿದ್ದು, ಉಳಿದದ್ದರಲ್ಲಿ ಬಹುಪಾಲು ಸಾರಜನಕ. ನೈಟ್ರಾಕ್ಸ್‌ನಲ್ಲಿ ಆಮ್ಲಜನಕವನ್ನು ಸಾಮಾನ್ಯವಾಗಿ ಶೇ. 32ಕ್ಕೆ ಅಥವಾ 36ಕ್ಕೆ ಏರಿಸಿ, ಆ ಮೂಲಕ ಸಾರಜನಕವನ್ನು ತಗ್ಗಿಸಿರುತ್ತಾರೆ. ಆಳದಲ್ಲಿ ಒತ್ತಡ ಹೆಚ್ಚಿದಂತೆ ಸಾರಜನಕ ರಕ್ತದಲ್ಲಿಯೂ ಅಂಗಾಂಶಗಳಲ್ಲಿಯೂ ಕರಗುತ್ತದೆ. ಅದು ಹೆಚ್ಚಾಗಿ ಸೇರಿದ ಮೇಲೆ ಅವಸರದಲ್ಲಿ ಮೇಲೆ ಬಂದರೆ ಗುಳ್ಳೆಗಳಾಗಿ ಹೊರಬಿದ್ದು ಡಿಕಂಪ್ರೆಷನ್ ಕಾಯಿಲೆಗೆ ಕಾರಣವಾಗುತ್ತದೆ. ಸಾರಜನಕ ಕಡಿಮೆಯಿದ್ದಷ್ಟೂ ಕೆಳಗೆ ಹೆಚ್ಚು ಹೊತ್ತು ಇರಬಹುದು. ಶೇ. 32ರ ಮಿಶ್ರಣದೊಂದಿಗೆ 30 ಮೀಟರ್ ಆಳದಲ್ಲಿರುವವನ ದೇಹಕ್ಕೆ ಸೇರುವ ಸಾರಜನಕವು ಸಾಮಾನ್ಯ ಗಾಳಿಯೊಂದಿಗೆ ಸುಮಾರು 24.4 ಮೀಟರಿನಲ್ಲಿರುವವನ ಲೆಕ್ಕಕ್ಕೆ ಸಮ. ಹೀಗಾಗಿ ಡೈವಿಂಗ್ ತರಬೇತಿ ನೀಡುವ ಪಾಡಿ ಸಂಸ್ಥೆಯ ಸಮಯಮಿತಿಯ ಕೋಷ್ಟಕದಲ್ಲಿ ಗಾಳಿಗೆ 30 ಮೀಟರಿನ ಸಾಲಿನಲ್ಲಿ 20 ನಿಮಿಷವಿದ್ದರೆ, ನಾವು 25 ಮೀಟರಿನ ಸಾಲನ್ನು ನೋಡಿ 29 ನಿಮಿಷ ಇರಬಹುದು. ಪಿಯುಸಿಯಲ್ಲಿ ಅಂಕಕ್ಕಾಗಿ ಬಾಯಿಪಾಠ ಮಾಡಿದ್ದ, ಮಿಶ್ರಣದಲ್ಲಿ ಪ್ರತಿ ಅನಿಲಕ್ಕೂ ಅದರ ಪಾಲಿನಷ್ಟೇ ಒತ್ತಡ ಎಂಬ ಡಾಲ್ಟನ್ ನಿಯಮವು ಇಷ್ಟು ವರ್ಷಗಳ ನಂತರ ನನ್ನದೇ ಉಸಿರಿನ ಲೆಕ್ಕಕ್ಕೆ ಬಂದದ್ದು ತಮಾಷೆಯಾಗಿತ್ತು.

ಆದರೆ ಹೆಚ್ಚಿನ ಆಮ್ಲಜನಕದಿಂದ ಇನ್ನೂ ಆಳಕ್ಕೆ ಹೋಗಬಹುದು ಎಂಬ ನಂಬಿಕೆ ತಪ್ಪು. ವಾಸ್ತವ ಇದಕ್ಕೆ ತದ್ವಿರುದ್ಧ. ಆಮ್ಲಜನಕದ ಆಂಶಿಕ ಒತ್ತಡ, ಅಂದರೆ ಒಟ್ಟು ಒತ್ತಡದಲ್ಲಿ ಅದರ ಪಾಲು, ಸಮುದ್ರ ಮಟ್ಟದ ಗಾಳಿಯ ಒತ್ತಡದ 1.4 ಪಟ್ಟನ್ನು ಮೀರಬಾರದೆಂಬುದು ಹವ್ಯಾಸಿ ಡೈವಿಂಗ್‌ನ ರೂಢಿಯ ಮಿತಿಯಾಗಿರುವುದರಿಂದ, ಶೇ. 32ರ ಮಿಶ್ರಣಕ್ಕೆ ಸುಮಾರು 33 ಮೀಟರ್, ಶೇ. 36ಕ್ಕೆ ಸುಮಾರು 28 ಮೀಟರ್ ಗರಿಷ್ಠ ಆಳವಾಗುತ್ತದೆ. ಅದಕ್ಕಿಂತ ಕೆಳಗಿಳಿದರೆ ಆಮ್ಲಜನಕವೇ ನರಮಂಡಲಕ್ಕೆ ವಿಷವಾಗಿ, ಮುನ್ಸೂಚನೆಯಿಲ್ಲದೆ ಸೆಳವು ಬರಬಹುದು. ನೀರಿನೊಳಗೆ ಸೆಳವು ಬಂದವನ ಬಾಯಿಯಿಂದ ಉಸಿರಾಟದ ರೆಗ್ಯುಲೇಟರ್ ಕಳಚಿದರೆ ಉಳಿಯುವುದು ಕಷ್ಟ. ಪಾಠದ ಬಹುಭಾಗ ಈ ಒಂದು ಅಪಾಯದ ಸುತ್ತಲೇ ಇತ್ತು, ಮತ್ತು ಹಾಗೆ ಇರುವುದೇ ಸರಿ.

ತರಬೇತಿಯ ಬಗ್ಗೆ ನನಗೆ ಹೆಚ್ಚಿನ ದೂರಿಲ್ಲ. ಪಾಡಿ ಪಠ್ಯಕ್ರಮದಲ್ಲಿ ಕನಿಷ್ಠ ವಯಸ್ಸು 12; ಪಠ್ಯವನ್ನು ಮನೆಯಲ್ಲೇ ಓದಿಕೊಂಡು ಹೋದರೆ ಕೇಂದ್ರದಲ್ಲಿ ಅರ್ಧ ದಿನದಲ್ಲಿ ಪಾಠ, ಲೆಕ್ಕ, ಪರೀಕ್ಷೆ ಮುಗಿಯುತ್ತವೆ. ಡೈವ್‌ಗಳು ಕಡ್ಡಾಯವಲ್ಲದಿದ್ದರೂ ನಾನು ಎರಡನ್ನು ಮಾಡಿದೆ, ಮತ್ತು ಮಾಡಲೇಬೇಕೆಂದು ಹೇಳುತ್ತೇನೆ, ಏಕೆಂದರೆ ಸಿಲಿಂಡರ್ ಪರೀಕ್ಷಿಸುವುದರಿಂದ ಹಿಡಿದು, ಆಳ ಮತ್ತು ಸಮಯದ ಲೆಕ್ಕವಿಡುವ ಡೈವ್ ಕಂಪ್ಯೂಟರಿನಲ್ಲಿ ಮಿಶ್ರಣವನ್ನು ನಮೂದಿಸುವವರೆಗಿನ ಕ್ರಮವು ಕೈಗೆ ರೂಢಿಯಾಗುವುದು ದೋಣಿಯ ಮೇಲೆಯೇ. ನಮ್ಮ ಶಿಕ್ಷಕರು ಕನ್ನಡದಲ್ಲೇ ವಿವರಿಸಿ, ಉತ್ತರ ಹೇಳಿಬಿಡದೆ ಪ್ರತಿಯೊಬ್ಬರಿಂದಲೂ ಆಳದ ಮಿತಿಯನ್ನು ಕಾಗದದ ಮೇಲೆ ಲೆಕ್ಕ ಹಾಕಿಸಿದರು.

ನನ್ನ ನಿಜವಾದ ಅಸಮಾಧಾನ ಆಮ್ಲಜನಕ ಮಾಪಕದ ಬಗ್ಗೆ. ಉಸಿರಾಡುವವನೇ ತನ್ನ ಸಿಲಿಂಡರನ್ನು ಸ್ವತಃ ಅಳೆದು, ಶೇಕಡಾವಾರು ಅಂಶ, ಗರಿಷ್ಠ ಆಳ, ದಿನಾಂಕ ಮತ್ತು ಹೆಸರನ್ನು ಪಟ್ಟಿಯಲ್ಲಿ ಬರೆದು ಅಂಟಿಸಿ, ದಾಖಲೆ ಪುಸ್ತಕಕ್ಕೆ ಸಹಿ ಹಾಕಬೇಕೆಂಬುದು ನೈಟ್ರಾಕ್ಸ್‌ನಲ್ಲಿ ರಿಯಾಯಿತಿಯಿಲ್ಲದ ನಿಯಮ. ಕೇಂದ್ರದಲ್ಲಿದ್ದದ್ದು ಒಂದೇ ಮಾಪಕ. ಅದನ್ನು ಮೊದಲು ಹೊರಗಿನ ಗಾಳಿಗೆ ಹಿಡಿದು 20.9ಕ್ಕೆ ಹೊಂದಿಸಬೇಕು, ಹೊಂದಿಸಿದೆವು. ಐದು ನಿಮಿಷ ಬಿಟ್ಟು ನೋಡಿದರೆ ಅದೇ ಗಾಳಿಗೆ ಅದು 20.3 ತೋರಿಸುತ್ತಿತ್ತು. ನನ್ನ ಸಿಲಿಂಡರಿಗೆ ಮೊದಲು 33.8, ಮರಳಿ ಅಳೆದಾಗ 31.9 ಬಂತು. ಕರಾವಳಿಯ ತೇವದ ಗಾಳಿ ಅಳತೆಯನ್ನು ತುಸು ತಗ್ಗಿಸುತ್ತದೆ, ಕವಾಟವನ್ನು ಹೆಚ್ಚು ತೆರೆದು ಅನಿಲವನ್ನು ರಭಸವಾಗಿ ಬಿಟ್ಟರೂ ಅಂಕಿ ಬದಲಾಗುತ್ತದೆ. ಇವೆರಡನ್ನೂ ಸರಿಪಡಿಸಿದ ಮೇಲೂ ಓಲಾಟ ನಿಲ್ಲಲಿಲ್ಲವೆಂದರೆ ಒಳಗಿನ, ಆಮ್ಲಜನಕವನ್ನು ಗ್ರಹಿಸುವ ಸೆಲ್ ಸವೆದಿದೆ ಎಂದೇ ಅರ್ಥ. ಆ ಸೆಲ್ ಬಳಸಲಿ, ಬಿಡಲಿ, ಕೆಲವು ವರ್ಷಗಳಲ್ಲಿ ತಾನಾಗಿಯೇ ಸತ್ವ ಕಳೆದುಕೊಳ್ಳುತ್ತದೆ. ಮಿಶ್ರಣ ನಿಜಕ್ಕೂ ಶೇ. 34 ಇದ್ದು ನಾನು 32 ಎಂದು ನಂಬಿದ್ದರೆ, 31 ಮೀಟರಿನಲ್ಲಿ ನಿಲ್ಲಬೇಕಾದವನು 33ಕ್ಕೆ ಇಳಿಯುತ್ತಿದ್ದೆ. ಶಿಕ್ಷಕರು ಹೆಚ್ಚಿನ ಅಂಕಿಯನ್ನೇ ಹಿಡಿದು ಆಳವನ್ನು 22 ಮೀಟರಿಗೆ ಇಳಿಸಿದರು. ಅವರ ನಿರ್ಧಾರ ಸರಿಯಾದದ್ದು. ಆದರೆ ಈ ಮಿಶ್ರಣಕ್ಕಾಗಿ ಪ್ರತಿ ಸಿಲಿಂಡರಿಗೆ ಹೆಚ್ಚಿನ ದರ ಪಡೆಯುವ ಕೇಂದ್ರದಲ್ಲಿ ಒಂದು ಹೊಸ ಸೆಲ್ ಹಾಗೂ ಇನ್ನೊಂದು ಮಾಪಕ ಇರಬೇಕಿತ್ತು. ಮಾಲೀಕರ ಗಮನಕ್ಕೆ ತಂದಾಗ ‘ಮುಂದಿನ ವಾರ ಬರುತ್ತೆ’ ಎಂದರು.

ಉಳಿದ ಉಪಕರಣಗಳಲ್ಲಿ ಹೊಸದಾಗಿ ಕೊಳ್ಳಬೇಕಾದದ್ದು ಬಹಳವಿಲ್ಲ. ಶೇ. 40ರವರೆಗಿನ ಮಿಶ್ರಣಕ್ಕೆ ಸಾಮಾನ್ಯ ರೆಗ್ಯುಲೇಟರ್ ಸಾಕೆಂಬುದು ಬಹುತೇಕ ಕಡೆ ಒಪ್ಪಿತವಾದ ರೂಢಿ, ಆದರೂ ತಯಾರಕರ ಕೈಪಿಡಿಯನ್ನು ಒಮ್ಮೆ ನೋಡುವುದು ಒಳಿತು. ಸಿಲಿಂಡರಿನ ಮಾತು ಬೇರೆ: ಖಾಲಿ ಸಿಲಿಂಡರಿಗೆ ಮೊದಲು ಶುದ್ಧ ಆಮ್ಲಜನಕ ತುಂಬಿ ಅದರ ಮೇಲೆ ಗಾಳಿ ಸೇರಿಸುವ ಪದ್ಧತಿಯಿದ್ದಲ್ಲಿ, ಒಳಗೆ ಎಣ್ಣೆಯ ಪಸೆಯಿದ್ದರೂ ಬೆಂಕಿ ಹೊತ್ತಿಕೊಳ್ಳುವ ಸಂಭವವಿರುವುದರಿಂದ, ಸಿಲಿಂಡರನ್ನೂ ಕವಾಟವನ್ನೂ ಆಮ್ಲಜನಕಕ್ಕೆಂದೇ ಶುದ್ಧಗೊಳಿಸಿರಬೇಕು. ಸಿಲಿಂಡರಿನ ಮೇಲಿನ ನೈಟ್ರಾಕ್ಸ್ ಗುರುತಾದ ಹಸಿರು-ಹಳದಿ ಪಟ್ಟಿಯನ್ನು ನೋಡಿ ತೃಪ್ತರಾಗದೆ, ತುಂಬುವ ವಿಧಾನ ಯಾವುದೆಂದು ಕೇಳಿಕೊಳ್ಳಿ. ಹಣ ಹಾಕುವುದಾದರೆ ನೈಟ್ರಾಕ್ಸ್ ಲೆಕ್ಕ ಬಲ್ಲ ಡೈವ್ ಕಂಪ್ಯೂಟರಿಗೆ ಹಾಕಿ.

ಈಗ ಲಾಭದ ಪ್ರಶ್ನೆ. ದಿನಕ್ಕೊಂದು ಡೈವ್ ಮಾಡಿ, 12 ಮೀಟರಿನಲ್ಲಿ ಮೀನು ನೋಡಿ ಬರುವವರಿಗೆ ನೈಟ್ರಾಕ್ಸ್ ಅನಗತ್ಯ ಖರ್ಚು. ಅಷ್ಟು ಆಳದಲ್ಲಿ ಸಾರಜನಕದ ಮಿತಿಗಿಂತ ಮೊದಲೇ ಸಿಲಿಂಡರ್ ಖಾಲಿಯಾಗುತ್ತದೆ. 20ರಿಂದ 30 ಮೀಟರಿನ ನಡುವೆ ದಿನಕ್ಕೆ ಎರಡು ಮೂರು ಬಾರಿ, ಸತತವಾಗಿ ಹಲವು ದಿನ ಇಳಿಯುವವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಆಯಾಸ ಕಡಿಮೆಯಾಗುತ್ತದೆ ಎಂದು ಅನೇಕರು ಹೇಳುತ್ತಾರೆ. ನನಗಂತೂ ವ್ಯತ್ಯಾಸ ಕಾಣಲಿಲ್ಲ.

ನಮ್ಮ ಕಡೆಯವರಿಗೆ ಮಾತ್ರ ಎದುರಾಗುವ ಒಂದು ಸಂಗತಿಯನ್ನು ಪಾಠದಲ್ಲಿ ಯಾರೂ ಎತ್ತಲಿಲ್ಲ. ತುಮಕೂರು ಸಮುದ್ರ ಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿದೆ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿದು, ದೇಹದಲ್ಲಿ ಉಳಿದ ಸಾರಜನಕ ಗುಳ್ಳೆಗಳಾಗಬಹುದು. ಡೈವಿಂಗ್ ನಂತರ ವಿಮಾನವೇರುವ ಬಗ್ಗೆ ಡೈವಿಂಗ್ ಸುರಕ್ಷತೆಗಾಗಿ ಕೆಲಸ ಮಾಡುವ ಡ್ಯಾನ್ ಸಂಸ್ಥೆ ನೀಡಿರುವ ಸಲಹೆ, ಅಂದರೆ ಒಂದೇ ಡೈವ್ ಆದರೆ 12 ಗಂಟೆ, ಹಲವು ಡೈವ್‌ಗಳಾದರೆ 18 ಗಂಟೆ ಕಾಯಬೇಕೆಂಬುದು, ಸುಮಾರು 600 ಮೀಟರಿಗಿಂತ ಹೆಚ್ಚಿನ ಎತ್ತರಕ್ಕೆ ಅನ್ವಯವಾಗುವಂಥದ್ದು. ಘಟ್ಟ ಹತ್ತಿ ಮನೆ ಸೇರುವ ನಮ್ಮ ಕಾರಿನ ಪ್ರಯಾಣವೂ ಆ ಲೆಕ್ಕದೊಳಗೆ ಬರುತ್ತದೆ. ಉಸಿರಾಡಿದ್ದು ನೈಟ್ರಾಕ್ಸ್ ಎಂದು ಈ ಅವಧಿಯಲ್ಲಿ ವಿನಾಯಿತಿಯಿಲ್ಲ. ಭಾನುವಾರ ಮಧ್ಯಾಹ್ನ ಕೊನೆಯ ಡೈವ್ ಮುಗಿಸಿ, ಸೋಮವಾರ ಬೆಳಗ್ಗೆ ಕಚೇರಿಗೆ ಹಾಜರಾಗಲು ರಾತ್ರಿಯೇ ಹೊರಡುವ ಯೋಜನೆ ನಮ್ಮದಾಗಿತ್ತು. ಅದನ್ನು ಕೈಬಿಟ್ಟು ಒಂದು ದಿನದ ರಜೆ ಹಾಕಿ, ಮರುದಿನ ಬೆಳಗಿನ ತಿಂಡಿ ಮುಗಿಸಿಕೊಂಡೇ ಘಟ್ಟ ಹತ್ತಿದೆವು.