ಈ ಕೋರ್ಸನ್ನು ಮೂರನೇ ವಾರದಿಂದ ಶುರು ಮಾಡಿ

ಆರು ವಾರದ ಆನ್‌ಲೈನ್ ಕೋರ್ಸ್ ಇದು. ನನಗೆ ಎಂಟು ವಾರ ಹಿಡಿಯಿತು, ಯಾಕೆಂದರೆ ಮೂರನೇ ವಾರದ ಒಂದೇ ಒಂದು ಅಭ್ಯಾಸದಲ್ಲಿ ಹದಿನೈದು ದಿನ ಕೂತುಬಿಟ್ಟೆ. ಅಭಿವೃದ್ಧಿಶೀಲ ದೇಶವೊಂದರ ಒಳಗೇ ಒಂದು ಪ್ರದೇಶ ಮುಂದೆ ಹೋಗಿ ಇನ್ನೊಂದು ಯಾಕೆ ಹಿಂದೆ ಉಳಿಯುತ್ತದೆ ಅನ್ನುವುದು ವಿಷಯ. ವಿಡಿಯೋ ನೋಡುವುದಕ್ಕೆ ದುಡ್ಡಿಲ್ಲ, ಸರ್ಟಿಫಿಕೇಟ್ ಬೇಕಿದ್ದರೆ ಮಾತ್ರ ಕಟ್ಟಬೇಕು. ನಾನು ಕಟ್ಟಲಿಲ್ಲ. ಕೋರ್ಸಿನ ಹೆಸರು ಇಲ್ಲಿ ಹಾಕುತ್ತಿಲ್ಲ. ಹೊಗಳಿಕೆಯೂ ಇದೆ, ದೂರೂ ಇದೆ, ಇಂಥ ಕೋರ್ಸ್ ಹುಡುಕುವವರಿಗೆ ಏನನ್ನು ನೋಡಿ ಸೇರಬೇಕು ಅಂತ ಗೊತ್ತಾದರೆ ಸಾಕು.

ಮೊದಲ ಎರಡು ವಾರ ಬೇಜಾರು. ಸ್ಲೈಡ್ ತೋರಿಸಿ ಅದನ್ನೇ ಓದುತ್ತಾರೆ. ಬಂದರು ಹತ್ತಿರ ಇದ್ದರೆ ಸರಕು ಸಾಗಿಸುವ ಖರ್ಚು ಕಡಿಮೆ, ಮಳೆ ನಂಬುವ ಹಾಗಿಲ್ಲದ ಕಡೆ ಬೇಸಾಯ ಕಷ್ಟ, ಮಲೇರಿಯಾ ಇದ್ದ ಕಡೆ ದುಡಿಯುವ ದಿನಗಳೇ ಕಡಿಮೆಯಾಗುತ್ತವೆ. ಎಲ್ಲವೂ ನಿಜ. ಆದರೆ ಎರಡು ವಾರ ಇದನ್ನೇ ಕೇಳಿದರೆ ನೆಲವೇ ಹಣೆಬರಹ ಅನ್ನಿಸಿಬಿಡುತ್ತದೆ. ಬ್ರೆಜಿಲ್‌ನ ಈಶಾನ್ಯ ಭಾಗ ಇವತ್ತು ಆ ದೇಶದ ಬಡ ಭಾಗ. ಸಕ್ಕರೆಯ ಕಾಲದಲ್ಲಿ, ಅಂದರೆ 16 ಮತ್ತು 17ನೇ ಶತಮಾನದಲ್ಲಿ, ಅದೇ ಕರಾವಳಿ ಆ ವಸಾಹತಿನ ಶ್ರೀಮಂತ ಭಾಗವಾಗಿತ್ತು. ನೆಲ ಅದೇ, ಸಮುದ್ರ ಅದೇ. ಈ ಮಾತನ್ನು ಮೊದಲ ದಿನವೇ ಹೇಳಬೇಕಿತ್ತು. ಇವರು ನಾಲ್ಕನೇ ವಾರದಲ್ಲಿ ಹೇಳುತ್ತಾರೆ.

ಇನ್ನು ಮೂರನೇ ವಾರ. ಒಂದು ಎಕ್ಸೆಲ್ ಹಾಳೆ ಕೊಡುತ್ತಾರೆ. ಅದರಲ್ಲಿ ಒಂದು ಕಾಲ್ಪನಿಕ ದೇಶದ ನಕ್ಷೆ. ಬಲಗಡೆ ಕಲ್ಲಿದ್ದಲು ಮತ್ತು ಕಬ್ಬಿಣದ ಅದಿರು ಸಿಗುವ ಜಾಗ, ಎಡಗಡೆ ಬಂದರು ಮತ್ತು ದೊಡ್ಡ ಪಟ್ಟಣಗಳು. ನೂರು ಚುಕ್ಕಿಗಳಿವೆ, ಒಂದೊಂದು ಚುಕ್ಕಿಯೂ ಒಂದು ಕಾರ್ಖಾನೆ. ಒಂದು ಕೋಶದಲ್ಲಿ ಸಾಗಣೆ ದರ ಹಾಕಬೇಕು. ದೂರ ಹೆಚ್ಚಾದಷ್ಟೂ ದರ ಹೆಚ್ಚು ಅಂತ ಹಾಕಿದರೆ ಚುಕ್ಕಿಗಳಲ್ಲಿ ಮುಕ್ಕಾಲು ಪಾಲು ಗಣಿಯ ಸುತ್ತ ಬಂದು ಕೂರುತ್ತವೆ. ಭಾರದ ಅದಿರನ್ನು ಅಷ್ಟು ದೂರ ಯಾರು ಹೊರುತ್ತಾರೆ, ಅಲ್ವಾ? ಈಗ ದೇಶದ ಯಾವ ಮೂಲೆಗೆ ಒಯ್ದರೂ ಅದಿರಿಗೆ ಒಂದೇ ಬೆಲೆ ಅಂತ ಬದಲಾಯಿಸಿ. ಚುಕ್ಕಿಗಳು ಒಂದೊಂದಾಗಿ ಜಾಗ ಬಿಟ್ಟು ಎಡಕ್ಕೆ ಸರಿಯುತ್ತವೆ. ಕಚ್ಚಾ ಮಾಲು ಎಲ್ಲಿ ಕೂತರೂ ಒಂದೇ ಬೆಲೆಗೆ ಸಿಗುವಾಗ ಗಿರಾಕಿಯ ಪಕ್ಕ, ಬಂದರಿನ ಪಕ್ಕ ಕೂರುವುದೇ ಲಾಭ.

ಇಷ್ಟು ಮಾಡಿಸಿದ ಮೇಲೆ ಮುಂದಿನ ವಿಡಿಯೋದಲ್ಲಿ ಹೇಳುತ್ತಾರೆ, ಇದು ಕಾಲ್ಪನಿಕ ಅಲ್ಲ, ಭಾರತದಲ್ಲೇ ನಡೆದದ್ದು ಅಂತ. 1950ರ ದಶಕದಿಂದ 1990ರ ದಶಕದ ಶುರುವಿನವರೆಗೆ ಕೇಂದ್ರ ಸರ್ಕಾರ ಸಾಗಣೆ ವೆಚ್ಚ ಸಮೀಕರಣ ನೀತಿ ನಡೆಸಿತು. ಉಕ್ಕಿನಂಥ ಸರಕು ದೇಶದ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಬೆಲೆಗೆ ಸಿಗಬೇಕು, ಕೈಗಾರಿಕೆ ದೇಶದ ತುಂಬ ಹರಡಬೇಕು ಅನ್ನುವುದು ಉದ್ದೇಶ. ಉದ್ದೇಶ ಒಳ್ಳೆಯದೇ. ಆದರೆ ಅಂದಿನ ಬಿಹಾರ (ಇಂದಿನ ಜಾರ್ಖಂಡ್ ಆಗ ಅದರೊಳಗೇ ಇತ್ತು), ಪಶ್ಚಿಮ ಬಂಗಾಳ, ಒಡಿಶಾ, ಮಧ್ಯಪ್ರದೇಶಗಳಿಗೆ ನೆಲ ಕೊಟ್ಟಿದ್ದ ಒಂದು ಅನುಕೂಲವನ್ನು ಆ ನೀತಿ ಕಿತ್ತುಕೊಂಡಿತು. ಪಶ್ಚಿಮದ ರಾಜ್ಯಗಳು ಬೆಳೆಯುವ ಹತ್ತಿಗೆ ಇಂಥ ಸಮದರ ಇರಲಿಲ್ಲ ಅನ್ನುವುದು ಪೂರ್ವದ ರಾಜ್ಯಗಳ ಹಳೆಯ ದೂರು. ಮೇಷ್ಟ್ರು ಇಲ್ಲಿ ನ್ಯಾಯವಾಗಿ ಮಾತಾಡುತ್ತಾರೆ. ಆ ರಾಜ್ಯಗಳು ಹಿಂದೆ ಬಿದ್ದದ್ದಕ್ಕೆ ಇದೊಂದೇ ಕಾರಣ ಅನ್ನುವುದಿಲ್ಲ, ಭೂಮಿಯ ಹಕ್ಕು, ಶಾಲೆ, ಆಡಳಿತ ಎಲ್ಲವೂ ಸೇರಿವೆ ಅನ್ನುತ್ತಾರೆ.

ನನ್ನನ್ನು ಹದಿನೈದು ದಿನ ಹಿಡಿದು ಕೂರಿಸಿದ್ದು ಇದರ ಮುಂದಿನ ಹೆಜ್ಜೆ. ಸುಮ್ನೆ ನೋಡೋಣ ಅಂತ ದರವನ್ನು ಮತ್ತೆ ಮೊದಲಿನ ಹಾಗೆ ಮಾಡಿದೆ. ಚುಕ್ಕಿಗಳು ವಾಪಸ್ ಬರಲಿಲ್ಲ. ಹಾಳೆ ಕೆಟ್ಟಿದೆ ಅಂದುಕೊಂಡು ಮತ್ತೆ ಡೌನ್‌ಲೋಡ್ ಮಾಡಿ, ಮೊದಲಿನಿಂದ ಹಾಕಿ ನೋಡಿದೆ. ಆಗಲೂ ಬರಲಿಲ್ಲ. ನೂರರಲ್ಲಿ ಹನ್ನೊಂದು ಮಾತ್ರ ಗಣಿಯ ಕಡೆಗೆ ಮರಳಿದವು. ಆಮೇಲೆ ಸೂತ್ರಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದಾಗ ಗೊತ್ತಾಯಿತು, ಒಂದು ಕಾರ್ಖಾನೆಗೆ ಪಕ್ಕದ ಕಾರ್ಖಾನೆಯಿಂದಲೂ ಲಾಭವಿದೆ ಅಂತ ಅದರಲ್ಲಿ ಬರೆದಿದ್ದಾರೆ. ಬಿಡಿಭಾಗ ಮಾಡುವವನು ಅಲ್ಲೇ ಇದ್ದಾನೆ, ಮಷಿನ್ ರಿಪೇರಿ ಮಾಡುವವನು ಅಲ್ಲೇ ಇದ್ದಾನೆ, ಕೆಲಸ ಬಲ್ಲವರು ಅಲ್ಲೇ ಮನೆ ಮಾಡಿದ್ದಾರೆ, ಸಾಲ ಕೊಡುವ ಬ್ಯಾಂಕೂ ಅಲ್ಲೇ ಇದೆ. ಇಷ್ಟನ್ನೆಲ್ಲ ಬಿಟ್ಟು, ಅದಿರು ಸ್ವಲ್ಪ ಅಗ್ಗ ಅಂತ ಯಾರು ಹಿಂದಕ್ಕೆ ಹೋಗುತ್ತಾರೆ? ನೀತಿಯನ್ನು ಒಂದು ದಿನದಲ್ಲಿ ರದ್ದು ಮಾಡಬಹುದು. ನಲವತ್ತು ವರ್ಷದಲ್ಲಿ ಕಟ್ಟಿಕೊಂಡ ನಂಟು ರದ್ದಾಗುವುದಿಲ್ಲ.

ಸ್ವೀಡನ್ನಿನ ಅರ್ಥಶಾಸ್ತ್ರಜ್ಞ ಗುನ್ನಾರ್ ಮಿರ್ಡಾಲ್ 1957ರಲ್ಲೇ ಇದನ್ನು ಹೇಳಿದ್ದರು. ಮುಂದೆ ಹೋದ ಪ್ರದೇಶ ಹಿಂದುಳಿದ ಪ್ರದೇಶದಿಂದ ಓದಿದ ಹುಡುಗರನ್ನೂ ಬಂಡವಾಳವನ್ನೂ ಎಳೆದುಕೊಳ್ಳುತ್ತದೆ. ಹಿಂದೆ ಉಳಿದ ಕಡೆ ತೆರಿಗೆ ಕಡಿಮೆಯಾಗುತ್ತದೆ, ಶಾಲೆ ರಸ್ತೆ ಸೊರಗುತ್ತವೆ, ಆದ್ದರಿಂದ ಮುಂದಿನ ಕಾರ್ಖಾನೆಯೂ ಅಲ್ಲಿಗೆ ಬರುವುದಿಲ್ಲ. ಮುಂದುವರಿದ ಕಡೆಯಿಂದ ಬೇಡಿಕೆಯೂ ದುಡ್ಡೂ ಹಿಂದಕ್ಕೆ ಹರಿಯುವುದೂ ಉಂಟು, ಆದರೆ ಬಡ ದೇಶಗಳಲ್ಲಿ ಆ ಹರಿವು ಸಣ್ಣದು ಅನ್ನುವುದು ಅವರ ವಾದ. 1965ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಜೆಫ್ರಿ ವಿಲಿಯಮ್ಸನ್, ಪ್ರದೇಶಗಳ ನಡುವಿನ ಅಂತರ ಮೊದಲು ಹಿಗ್ಗಿ ದೇಶ ಬೆಳೆದಂತೆ ಕುಗ್ಗುತ್ತದೆ ಅಂದರು. ಕೋರ್ಸ್ ಇಬ್ಬರನ್ನೂ ಎದುರುಬದುರು ಕೂರಿಸಿ ಮಾತಾಡುತ್ತದೆ. ಆ ಹಾಳೆ ನೋಡಿದ ಮೇಲೆ ನಾನಂತೂ ಮಿರ್ಡಾಲ್ ಕಡೆ. ತಾನಾಗಿಯೇ ಕುಗ್ಗುತ್ತದೆ ಅಂತ ಕಾಯುತ್ತಾ ಕೂತರೆ ಒಂದು ತಲೆಮಾರಿನ ಮಕ್ಕಳು ಬೆಳೆದು ಊರು ಬಿಟ್ಟಿರುತ್ತಾರೆ.

ನಾಲ್ಕನೇ ವಾರವೂ ಚೆನ್ನಾಗಿದೆ. ಪೆರು ದೇಶದ ಪಾಠವನ್ನು ನಾನು ಎರಡು ಸಲ ನೋಡಿದೆ. ಸ್ಪೇನಿನವರು 1573ರಿಂದ 1812ರವರೆಗೆ ಅಲ್ಲಿ ಮಿತಾ ಅನ್ನುವ ಬಿಟ್ಟಿ ದುಡಿಮೆ ಪದ್ಧತಿ ನಡೆಸಿದರು. ಗೊತ್ತುಮಾಡಿದ ಗಡಿಯೊಳಗಿನ ಹಳ್ಳಿಗಳು ತಮ್ಮ ವಯಸ್ಕ ಗಂಡಸರಲ್ಲಿ ಏಳರಲ್ಲಿ ಒಂದು ಪಾಲನ್ನು ಪೊಟೊಸಿಯ ಬೆಳ್ಳಿ ಗಣಿಗೋ ಹುವಾಂಕವೆಲಿಕಾದ ಪಾದರಸದ ಗಣಿಗೋ ಕಳಿಸಬೇಕಿತ್ತು. ಮೆಲಿಸ್ಸಾ ಡೆಲ್ ಅನ್ನುವ ಅರ್ಥಶಾಸ್ತ್ರಜ್ಞೆ ಆ ಹಳೆಯ ಗೆರೆಯ ಎರಡೂ ಕಡೆ, ಒಂದೇ ಥರದ ಗುಡ್ಡಗಾಡಿನಲ್ಲಿ, ಮನೆಗಳ ಖರ್ಚುವೆಚ್ಚ ಹೋಲಿಸಿ 2010ರಲ್ಲಿ ಪ್ರಕಟಿಸಿದರು. ಗೆರೆಯೊಳಗಿನ ಮನೆಗಳ ಬಳಕೆ ಸುಮಾರು ಶೇ 25ರಷ್ಟು ಕಡಿಮೆ. ಪದ್ಧತಿ ನಿಂತು ಇನ್ನೂರು ವರ್ಷವಾದ ಮೇಲೆ! ಗೆರೆಯೊಳಗೆ ಇವತ್ತಿಗೂ ರಸ್ತೆ ಜಾಲ ತೆಳು, ಜಾಸ್ತಿ ಜನ ತಮ್ಮ ಹೊಟ್ಟೆಪಾಡಿಗಷ್ಟೇ ಬೆಳೆಯುವವರು. ವಿಡಿಯೋದಲ್ಲಿ ಆ ಗೆರೆಯನ್ನು ಉಪಗ್ರಹ ಚಿತ್ರದ ಮೇಲೆ ಎಳೆದು ತೋರಿಸುತ್ತಾರೆ. ಗೆರೆ ತೆಗೆದರೆ ಯಾವ ಕಡೆ ಯಾವುದು ಅಂತ ಹೇಳುವುದಕ್ಕೇ ಆಗುವುದಿಲ್ಲ.

ಇದರ ಜೊತೆಗೆ ಬರಬೇಕಿದ್ದ ನೈಜೀರಿಯಾವನ್ನು ನಾಲ್ಕು ನಿಮಿಷದಲ್ಲಿ ಮುಗಿಸಿದ್ದಾರೆ. ಬ್ರಿಟಿಷರು ಉತ್ತರದಲ್ಲಿ ಮಿಷನರಿಗಳನ್ನು ತಡೆದದ್ದರಿಂದ ಅವರ ಶಾಲೆಗಳು ಹೆಚ್ಚಾಗಿ ದಕ್ಷಿಣದಲ್ಲೇ ಬೆಳೆದವು. ಉತ್ತರ ಮತ್ತು ದಕ್ಷಿಣದ ಓದಿನ ಅಂತರಕ್ಕೆ ಅದೊಂದು ದೊಡ್ಡ ಕಾರಣ. ಇಷ್ಟು ದೊಡ್ಡ ವಿಷಯಕ್ಕೆ ನಾಲ್ಕು ನಿಮಿಷ ಸಾಲದು.

ಐದನೇ ವಾರ ಚೀನಾ. ನನಗೆ ಬೇಸರವಾದದ್ದು ಇಲ್ಲೇ. 1980ರಲ್ಲಿ ಶೆನ್‌ಜೆನ್, ಝುಹೈ, ಶಾಂಟೌ, ಶಿಯಾಮೆನ್ ಅಂತ ನಾಲ್ಕು ವಿಶೇಷ ಆರ್ಥಿಕ ವಲಯ, 1984ರಲ್ಲಿ ಇನ್ನೂ 14 ಕರಾವಳಿ ನಗರಗಳನ್ನು ವಿದೇಶಿ ಬಂಡವಾಳಕ್ಕೆ ತೆರೆದದ್ದು, ಎಲ್ಲವನ್ನೂ ವಿವರವಾಗಿ ಹೇಳುತ್ತಾರೆ. ಕರಾವಳಿ ಮೊದಲು ಬೆಳೆಯಲಿ ಅನ್ನುವುದು ಸರ್ಕಾರವೇ ತೆಗೆದುಕೊಂಡ ತೀರ್ಮಾನ ಅಂತ ಸ್ಪಷ್ಟವಾಗಿ ಗೊತ್ತಾಗುತ್ತದೆ. ಆದರೆ ಆ ಕಾರ್ಖಾನೆಗಳಲ್ಲಿ ದುಡಿಯುವುದಕ್ಕೆ ಒಳನಾಡಿನಿಂದ ಬಂದ ಕೋಟ್ಯಂತರ ಜನರ ಬಗ್ಗೆ ಒಂದೇ ಒಂದು ಸ್ಲೈಡ್. ಸರ್ಕಾರಿ ಸೌಲಭ್ಯವನ್ನು ಸ್ವಂತ ಊರಿಗೇ ಕಟ್ಟಿಹಾಕುವ ಹುಕೌ ಅನ್ನುವ ನೋಂದಣಿ ಪದ್ಧತಿಯಿಂದ ಅವರಲ್ಲಿ ತುಂಬ ಜನಕ್ಕೆ ಪಟ್ಟಣದ ಶಾಲೆಗೆ ಮಕ್ಕಳನ್ನು ಸೇರಿಸುವುದೇ ಕಷ್ಟವಾಯಿತು, ಮಕ್ಕಳು ಹಳ್ಳಿಯಲ್ಲಿ ಅಜ್ಜ ಅಜ್ಜಿಯ ಹತ್ತಿರ ಉಳಿದರು. ಪ್ರದೇಶಗಳ ನಡುವಿನ ಅಂತರ ಮನೆಯೊಳಗೇ ಬಂದು ಕೂರುವುದು ಹೀಗೆ. ಇದನ್ನು ಬಿಟ್ಟರೆ ಪಾಠ ಅರ್ಧ ಮಾತ್ರ. ಹೆಂಗಸರ ಮಾತಂತೂ ಆರೂ ವಾರದಲ್ಲಿ ಎಲ್ಲೂ ಇಲ್ಲ. ಗಂಡಸರು ದುಡಿಯಲು ದೂರ ಹೋದ ಮೇಲೆ ಹಿಂದುಳಿದ ಪ್ರದೇಶದ ಹೊಲವನ್ನು ನಡೆಸುವವರು ಯಾರು?

ಇದೇ ವಾರದ ರಾತ್ರಿ ಬೆಳಕಿನ ಅಭ್ಯಾಸ ಮಾತ್ರ ತಪ್ಪಿಸಬೇಡಿ. ಉಪಗ್ರಹದ ಚಿತ್ರದಲ್ಲಿ ಬೆಳಕು ಜಾಸ್ತಿ ಇರುವ ಕಡೆ ಆದಾಯ ಜಾಸ್ತಿ ಅಂತ ಅಂದಾಜು ಮಾಡಿಸುತ್ತಾರೆ. ಆಮೇಲೆ ನೈಜರ್ ನದಿ ಮುಖಜ ಭೂಮಿಯನ್ನು ತೋರಿಸುತ್ತಾರೆ. ಫಳಫಳ ಹೊಳೆಯುತ್ತದೆ. ನಾನು ಶ್ರೀಮಂತ ಪ್ರದೇಶ ಅಂತ ಗುರುತು ಹಾಕಿದೆ. ಅದು ತೈಲ ಬಾವಿಗಳಲ್ಲಿ ಉರಿಸಿ ಹಾಳು ಮಾಡುವ ಅನಿಲದ ಬೆಂಕಿ. ಸುತ್ತಲಿನ ಹಳ್ಳಿಗಳ ಬಡತನ ಆ ಬೆಳಕಿನಲ್ಲಿ ಕಾಣುವುದೇ ಇಲ್ಲ.

ಕೊನೆಯ ವಾರ ಪರಿಹಾರಗಳದ್ದು, ಅದೇ ಎಲ್ಲಕ್ಕಿಂತ ಸಪ್ಪೆ. ಬ್ರೆಜಿಲ್ 1959ರಲ್ಲಿ ಅರ್ಥಶಾಸ್ತ್ರಜ್ಞ ಸೆಲ್ಸೊ ಫುರ್ತಾದೊ ಮುಂದಾಳತ್ವದಲ್ಲಿ ಈಶಾನ್ಯಕ್ಕಾಗಿಯೇ ಸುದೆನೆ ಅನ್ನುವ ಸಂಸ್ಥೆ ಕಟ್ಟಿತು, ಚೀನಾ 2000ದಲ್ಲಿ ಪಶ್ಚಿಮ ಭಾಗದ ಅಭಿವೃದ್ಧಿ ಯೋಜನೆ ಶುರು ಮಾಡಿತು ಅಂತ ಪಟ್ಟಿ ಓದಿ ಮುಗಿಸುತ್ತಾರೆ. 1964ರಲ್ಲಿ ಸೇನೆ ಅಧಿಕಾರ ಹಿಡಿದು ಫುರ್ತಾದೊ ಅವರ ರಾಜಕೀಯ ಹಕ್ಕು ಕಿತ್ತುಕೊಂಡು, ಅವರು ದೇಶ ಬಿಡಬೇಕಾಯಿತು. ಅದನ್ನು ಹೇಳುವುದೇ ಇಲ್ಲ. ಹಿಂದುಳಿದ ಪ್ರದೇಶದ ಪರ ಕೆಲಸ ಮಾಡುವುದು ಎಂಥ ರಾಜಕೀಯ ಅಂತ ತಿಳಿಯುವುದಕ್ಕೆ ಅದಕ್ಕಿಂತ ಒಳ್ಳೆಯ ಪಾಠ ಬೇಕಿರಲಿಲ್ಲ.

ಸಣ್ಣ ದೂರುಗಳೂ ಇವೆ. ಪರೀಕ್ಷೆಯ ಪ್ರಶ್ನೆಗಳು ಬರೀ ಇಸವಿ ಕೇಳುತ್ತವೆ, ಕಾರಣ ಕೇಳುವುದಿಲ್ಲ. ಸಬ್‌ಟೈಟಲ್ ಯಂತ್ರ ಬರೆದದ್ದು, ಊರಿನ ಹೆಸರೆಲ್ಲ ತಪ್ಪು. ಆ ಎಕ್ಸೆಲ್ ಹಾಳೆಯ ಬಗ್ಗೆ ಎರಡು ಪ್ರಶ್ನೆ ಕಳಿಸಿದ್ದೆ, ಕೋರ್ಸ್ ಮುಗಿಯುವವರೆಗೂ ಉತ್ತರ ಬರಲಿಲ್ಲ.

ಆದರೂ ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ, ಮೂರು ಮತ್ತು ನಾಲ್ಕನೇ ವಾರದ ಸಲುವಾಗಿ. ಅರ್ಥಶಾಸ್ತ್ರ ಓದಿರಬೇಕಾಗಿಲ್ಲ, ಎಕ್ಸೆಲ್‌ನಲ್ಲಿ ಕೂಡುವುದು ಕಳೆಯುವುದು ಬಂದರೆ ಸಾಕು. ಸೇರಿದರೆ ಮೂರನೇ ವಾರದಿಂದಲೇ ಶುರು ಮಾಡಿ, ಮೊದಲ ಎರಡು ವಾರವನ್ನು ಆಮೇಲೆ ಬೇಗ ಬೇಗ ನೋಡಿಕೊಳ್ಳಬಹುದು. ಹಾಳೆಯನ್ನು ಮಾತ್ರ ಮೊದಲೇ ಇಳಿಸಿಟ್ಟುಕೊಳ್ಳಿ, ಕೋರ್ಸಿನ ಅವಧಿ ಮುಗಿದ ಮಾರನೇ ದಿನವೇ ಪುಟ ಮುಚ್ಚಿಬಿಡುತ್ತಾರೆ. ನನ್ನ ಹತ್ತಿರ ಅದು ಈಗಲೂ ತೆರೆದೇ ಇದೆ. ಗಣಿಯ ಪಕ್ಕ ಒಂದು ಪಾಲಿಟೆಕ್ನಿಕ್, ಒಂದು ರೈಲು ಮಾರ್ಗ ಸೇರಿಸಿ ನೋಡುತ್ತಿದ್ದೇನೆ. ಹನ್ನೊಂದು ಚುಕ್ಕಿ ಇದ್ದದ್ದು ನಿನ್ನೆ ಇಪ್ಪತ್ತಾರಾಯಿತು.