ರಜೆಗೆ ಹೋಗುವವರು ಪ್ರೈವೇಟ್ ಕೀ ಕೊಟ್ಟು ಹೋಗುತ್ತಾರಾ? ಮೊದಲೇ ಕೇಳಿಕೊಳ್ಳಿ

ನಾನು ಮೊದಲು ಕೆಲಸಕ್ಕಿದ್ದ ಕಂಪನಿಯಲ್ಲಿ ವೈದ್ಯಕೀಯ ಕಾಗದ, ಬ್ಯಾಂಕ್ ವಿವರ ಎಲ್ಲವನ್ನೂ ಎಚ್‌ಆರ್ ಮುಖ್ಯಸ್ಥರ ಪಬ್ಲಿಕ್ ಕೀ ಬಳಸಿ ಎನ್‌ಕ್ರಿಪ್ಟ್ ಮಾಡಿ ಕಳಿಸಬೇಕಿತ್ತು. ಪಬ್ಲಿಕ್ ಕೀ ಎಲ್ಲರಿಗೂ ಕೊಡುವಂಥದ್ದು, ಅದರಿಂದ ಸಂದೇಶಕ್ಕೆ ಬೀಗ ಹಾಕಬಹುದು, ಅಷ್ಟೇ. ತೆರೆಯಲು ಅವರೊಬ್ಬರ ಬಳಿಯೇ ಇರಬೇಕಾದ ಪ್ರೈವೇಟ್ ಕೀ ಬೇಕು. ಒಳ್ಳೆಯ ಪದ್ಧತಿಯೇ. ಆದರೆ ಅವರು ದೀರ್ಘ ರಜೆಗೆ ಹೋಗುವಾಗ ಪ್ರೈವೇಟ್ ಕೀ ಫೈಲು, ಅದರ ಪಾಸ್‌ಫ್ರೇಸ್ (ಉದ್ದದ ಪಾಸ್‌ವರ್ಡ್) ಎರಡನ್ನೂ ಸಹಾಯಕರೊಬ್ಬರಿಗೆ ಕೊಟ್ಟರು. ಸಹಾಯಕರು ಆಮೇಲೆ ಕೆಲಸ ಬಿಟ್ಟರು. ಕೀ, ಹಳೆಯ ಮೇಲ್‌ಗಳ ಪ್ರತಿ ಎಲ್ಲ ಅವರ ಬಳಿಯೇ ಉಳಿಯಿತು. ನನ್ನ ಆಪರೇಷನ್ ವಿಷಯ ಆ ಕಾಗದಗಳಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಅದನ್ನು ಪರಿಚಯವೇ ಸರಿಯಾಗಿಲ್ಲದ ಒಬ್ಬರು ಫೋನ್ ಮಾಡಿ ವಿಚಾರಿಸಿದಾಗ ತುಂಬಾ ನೋವಾಯಿತು.

ಕಂಪನಿಯನ್ನು ಕೇಳಿದರೆ, "ಕೀ ರಿವೋಕ್ ಮಾಡಿದ್ದೇವೆ, ಚಿಂತೆ ಬೇಡ" ಎಂದರು. ಈ ಮಾತನ್ನು ದಯವಿಟ್ಟು ನಂಬಬೇಡಿ. ರಿವೋಕ್ ಮಾಡುವುದೆಂದರೆ ಇನ್ನು ಮುಂದೆ ಆ ಕೀ ಬಳಸಬೇಡಿ ಎಂದು ಉಳಿದವರಿಗೆ ತಿಳಿಸುವುದು, ಅಷ್ಟೇ. ಹಳೆಯ ಮೇಲ್ ಕೈಯಲ್ಲಿದ್ದವರು ಹಳೆಯ ಕೀಯಿಂದ ಅದನ್ನು ಯಾವತ್ತು ಬೇಕಾದರೂ ತೆರೆಯಬಹುದು.

ಒಂದು ಕಾಗದ ತೋರಿಸಲು ಇಡೀ ಕೀ ಯಾಕೆ ಬೇಕು? ಎನ್‌ಕ್ರಿಪ್ಟ್ ಮಾಡುವ ತಂತ್ರಾಂಶ ಜಿಪಿಜಿ ಪ್ರತಿ ಸಂದೇಶಕ್ಕೂ ಬೇರೆ ಸೆಷನ್ ಕೀ ಮಾಡುತ್ತದೆ. 'ಶೋ ಸೆಷನ್ ಕೀ' ಆಯ್ಕೆಯಿಂದ ಆ ಒಂದೇ ಸಂದೇಶದ ಕೀ ತೆಗೆದು ಕೊಡಬಹುದು. ಉಳಿದವು ಮುಚ್ಚಿಯೇ ಇರುತ್ತವೆ. ಇದು ಬಹಳ ಜನರಿಗೆ ಗೊತ್ತಿಲ್ಲ.

ಬರುವ ಸಂದೇಶಗಳೆಲ್ಲ ತಾನಾಗಿ ಸಹಾಯಕರಿಗೆ ಹೋಗಬೇಕು ಎಂದರೆ ಪ್ರಾಕ್ಸಿ ರೀ-ಎನ್‌ಕ್ರಿಪ್ಷನ್ ಇದೆ. ಸರ್ವರ್‌ಗೆ ಒಂದು ರೀ-ಎನ್‌ಕ್ರಿಪ್ಷನ್ ಕೀ ಕೊಡುತ್ತಾರೆ. ಅದು ಸಂದೇಶವನ್ನು ಓದದೆಯೇ ಸಹಾಯಕರ ಕೀಯಿಂದ ತೆರೆಯುವಂತೆ ಬದಲಿಸುತ್ತದೆ. ಆದರೆ ಎಲ್ಲ ವಿಧಾನವೂ ಒಂದೇ ಅಲ್ಲ. 1998ರಲ್ಲಿ ಬ್ಲೇಜ್, ಬ್ಲೂಮರ್, ಸ್ಟ್ರಾಸ್ ಎಂಬ ಸಂಶೋಧಕರು ಕೊಟ್ಟ ವಿಧಾನದಲ್ಲಿ ಸರ್ವರ್ ಬಳಿ ಇರುವುದು ಸಹಾಯಕರ ಗುಟ್ಟಿನ ಸಂಖ್ಯೆಯನ್ನು (ಅಂದರೆ ಪ್ರೈವೇಟ್ ಕೀಯನ್ನು) ಮುಖ್ಯಸ್ಥರ ಗುಟ್ಟಿನ ಸಂಖ್ಯೆಯಿಂದ ಭಾಗಿಸಿ ಬಂದ ಸಂಖ್ಯೆ. ಸಹಾಯಕರಿಗೆ ತಮ್ಮ ಸಂಖ್ಯೆ ಹೇಗೂ ಗೊತ್ತು. ಅವರೂ ಸರ್ವರ್ ನಡೆಸುವವರೂ ಸೇರಿದರೆ ಮುಖ್ಯಸ್ಥರ ಕೀಯೇ ಹೊರಗೆ ಬರುತ್ತದೆ, ಅಲ್ವಾ? 2005ರಲ್ಲಿ ಅಟೆನಿಯೇಸೆ ಮತ್ತು ಸಂಗಡಿಗರು ತಂದ ವಿಧಾನದಲ್ಲಿ ಇಬ್ಬರೂ ಸೇರಿದರೂ ಮೂಲ ಕೀ ಸಿಗುವುದಿಲ್ಲ. ತೆರೆಯುವ ಅಧಿಕಾರ ಮುಖ್ಯಸ್ಥರಿಂದ ಸಹಾಯಕರಿಗೆ, ಹೀಗೆ ಒಂದೇ ದಿಕ್ಕಿಗೆ ಹೋಗುತ್ತದೆ. ಆದರೂ ಓದಿದ್ದನ್ನು ವಾಪಸ್ ಪಡೆಯಲಾಗದು. ರಜೆ ಮುಗಿದ ಮೇಲೆ ಸರ್ವರ್‌ನಿಂದ ರೀ-ಎನ್‌ಕ್ರಿಪ್ಷನ್ ಕೀ ಅಳಿಸಲೇಬೇಕು.

ಈಗ ನಾನು ಯಾವ ಕಾಗದ ಕಳಿಸುವ ಮೊದಲೂ ಕೇಳುತ್ತೇನೆ: ನೀವು ಇಲ್ಲದಾಗ ಇದನ್ನು ಯಾರು ತೆರೆಯುತ್ತಾರೆ, ಯಾವ ಕೀಯಿಂದ? "ನನ್ನ ಕೀ ಅವರ ಹತ್ತಿರವೂ ಇದೆ" ಎಂದರೆ ಕಳಿಸಬೇಡಿ. ಪ್ರಿಂಟ್ ತೆಗೆದು ಕೈಗೇ ಕೊಡಿ.