ಹಳೆ ವ್ಯಾಗನ್ ಆರ್ ಎಂಜಿನ್‌ಗೆ ಯಾವ ಕ್ಲೀನರ್ ಬಾಟಲಿ ಕೆಲಸ ಮಾಡಿತು, ಯಾವುದು ಮಾಡಲಿಲ್ಲ

ಈ ಕಾರು ನನ್ನ ಸೋದರಮಾವನದು. 2008ರ ವ್ಯಾಗನ್ ಆರ್, ಎಂಎಚ್ 12 ನಂಬರು. ಮಾವ ಪುಣೆಯ ಎರಂಡವಣೆಯಲ್ಲಿ ಇದ್ದರು. ಮಂಡಈಗೆ ತರಕಾರಿಗೆ, ಕನ್ನಡ ಸಂಘದ ಕಾರ್ಯಕ್ರಮಕ್ಕೆ, ಮೊಮ್ಮಗಳನ್ನು ಶಾಲೆಗೆ ಬಿಡುವುದಕ್ಕೆ ಇದೇ ಕಾರು. ಯಾವುದೂ ಮೂರು ಕಿ.ಮೀ. ದಾಟದ ಓಡಾಟ. ಕೊನೆಗೆ ಅವರಿಗೆ ಕಣ್ಣು ಮಂಜಾಯಿತು. ಕೀಲಿಕೈ ನನ್ನ ಕೈಗೆ ಕೊಟ್ಟು, "ಮಾರಬೇಡ, ಓಡಿಸು" ಅಂದರು. 2023ರಲ್ಲಿ ಹದಿನೈದು ವರ್ಷ ತುಂಬಿದಾಗ ಅವರೇ ಆರ್‌ಟಿಒಗೆ ಅಲೆದು ಆರ್‌ಸಿಯನ್ನು ಇನ್ನೈದು ವರ್ಷಕ್ಕೆ ರಿನ್ಯೂ ಮಾಡಿಸಿದ್ದರು. 2028ರವರೆಗಾದರೂ ಎಂಜಿನ್ ಚೆನ್ನಾಗಿರಲಿ ಅನ್ನುವುದು ನನ್ನ ಆಸೆ.

ಓಡಿದ್ದು 71,000 ಕಿ.ಮೀ. ಅಷ್ಟೇ. ಆದರೆ ಸಿಗ್ನಲ್‌ನಲ್ಲಿ ನಿಂತರೆ ಸ್ಟೀರಿಂಗ್ ನಡುಗುತ್ತಿತ್ತು. ಕಾತ್ರಜ್ ಏರಿನಲ್ಲಿ ಪಿಕಪ್ ಇರಲಿಲ್ಲ. ಬೆಳಗ್ಗೆ ಸ್ಟಾರ್ಟ್ ಮಾಡಿದರೆ ನಾಲ್ಕೈದು ಸೆಕೆಂಡು ನೀಲಿ ಹೊಗೆ ಬರುತ್ತಿತ್ತು. ಕಡಿಮೆ ಓಡಿದ ಕಾರು ಅಂದರೆ ಒಳ್ಳೆ ಕಾರು ಅಂತ ನಾವೆಲ್ಲ ನಂಬಿರುತ್ತೇವೆ ಅಲ್ವಾ? ಎಂಜಿನ್‌ಗೆ ಅದು ಉಲ್ಟಾ. ಎರಡು ಕಿ.ಮೀ. ಓಡಿ ನಿಲ್ಲಿಸಿದರೆ ಆಯಿಲ್ ಪೂರ್ತಿ ಬಿಸಿ ಆಗುವುದೇ ಇಲ್ಲ. ಒಳಗೆ ಸೇರಿದ ನೀರಿನ ಪಸೆ, ಉರಿಯದೆ ಉಳಿದ ಪೆಟ್ರೋಲ್ ಆವಿಯಾಗಿ ಹೋಗುವುದಿಲ್ಲ. ವರ್ಷಗಟ್ಟಲೆ ಹೀಗಾದರೆ ಆಯಿಲ್ ಕಪ್ಪು ಲೇಹ್ಯದ ಹಾಗೆ ಗಟ್ಟಿಯಾಗಿ ಕೂರುತ್ತದೆ.

ನಾನಾ ಪೇಠೆಯ ಸ್ಪೇರ್‌ಪಾರ್ಟ್ಸ್ ಅಂಗಡಿಗಳಲ್ಲಿ ಇದಕ್ಕೆ ಪರಿಹಾರ ಕೇಳಿದರೆ ಒಬ್ಬೊಬ್ಬರು ಒಂದೊಂದು ಬಾಟಲಿ ಮುಂದಿಟ್ಟರು. ಪೆಟ್ರೋಲ್ ಟ್ಯಾಂಕಿಗೆ ಹಾಕುವುದು, ಹಳೆ ಆಯಿಲ್ ತೆಗೆಯುವ ಮುಂಚೆ ಎಂಜಿನ್ ಒಳಗೆ ತೊಳೆಯಲು ಹಾಕುವ ಫ್ಲಶ್, ಹೊಸ ಆಯಿಲ್ ಜೊತೆ ಬೆರೆಸುವುದು. ಎಲ್ಲವನ್ನೂ ಒಂದೊಂದಾಗಿ ಹಾಕಿ ನೋಡೋಣ ಅಂತ ನಿರ್ಧರಿಸಿದೆ. ಒಟ್ಟಿಗೆ ಹಾಕಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ.

ಶುರು ಮಾಡುವ ಮುಂಚೆ ಥ್ರಾಟಲ್ ಬಾಡಿ ಕ್ಲೀನ್ ಮಾಡಿಸಿ ನಾಲ್ಕೂ ಸ್ಪಾರ್ಕ್ ಪ್ಲಗ್ ಬದಲಾಯಿಸಿದೆ. ಅಷ್ಟಕ್ಕೇ ನಡುಕ ಅರ್ಧ ಹೋಯಿತು. ಥ್ರಾಟಲ್ ಬಾಡಿ ಅಂದರೆ ಎಂಜಿನ್‌ಗೆ ಗಾಳಿ ಮಾತ್ರ ಹೋಗುವ ಜಾಗ, ಪೆಟ್ರೋಲ್ ಅಲ್ಲಿಗೆ ಬರುವುದಿಲ್ಲ. ಟ್ಯಾಂಕಿಗೆ ಎಂಥ ಬಾಟಲಿ ಸುರಿದರೂ ಅಲ್ಲಿನ ಮಸಿ ಹೋಗುವುದಿಲ್ಲ. ಬಾಟಲಿ ಕೊಳ್ಳುವ ಮುಂಚೆ ಇದನ್ನು ಮಾಡಿಸಿ ಅಂತ ಕಾರು ಇರುವ ಎಲ್ಲರಿಗೂ ಹೇಳುತ್ತಿದ್ದೇನೆ.

ಪೆಟ್ರೋಲ್‌ಗೆ ಬೆರೆಸುವ ಬಾಟಲಿಗಳಲ್ಲಿ ಎರಡನ್ನು ನೋಡಿದೆ. ಮೊದಲನೆಯದು ಅಗ್ಗದ್ದು, ಇನ್ನೂರು ರೂಪಾಯಿ ಒಳಗೆ. ಒಳಗೆ ಏನಿದೆ ಅಂತ ಲೇಬಲ್ ಮೇಲೆ ಬರೆದಿರಲಿಲ್ಲ. ಮೂಗಿಗೆ ಹಿಡಿದರೆ ಸೀಮೆಎಣ್ಣೆ ವಾಸನೆ. ಎರಡು ಟ್ಯಾಂಕ್ ಮುಗಿಸಿದೆ. ಏನೂ ಬದಲಾಗಲಿಲ್ಲ.

ಎರಡನೆಯದು ಅದರ ಮೂರು ಪಟ್ಟು ಬೆಲೆಯದು. ಅದರಲ್ಲಿ ಪಾಲಿಈಥರ್ ಅಮೀನ್ ಅನ್ನುವ ಕೊಳೆ ಬಿಡಿಸುವ ರಾಸಾಯನಿಕ ಇತ್ತು, ಚಿಕ್ಕದಾಗಿ ಪಿಇಎ ಅನ್ನುತ್ತಾರೆ. ನೀವು ಹುಡುಕಬೇಕಾದ ಹೆಸರು ಇದು. ಹಳೆ ಕಾಲದ ಕ್ಲೀನರ್‌ಗಳಲ್ಲಿ ಪಿಐಬಿಎ ಅನ್ನುವ ಇನ್ನೊಂದು ಅಮೀನ್ ಇರುತ್ತಿತ್ತು. ಅದು ವಾಲ್ವ್ ತೊಳೆಯುತ್ತದೆ, ಆದರೆ ಪೆಟ್ರೋಲ್ ಉರಿಯುವ ಜಾಗದಲ್ಲಿ ತಾನೇ ಸ್ವಲ್ಪ ಮಸಿ ಬಿಡಬಹುದು. ಪಿಇಎ ಆ ಬಿಸಿಯನ್ನೂ ತಡೆದುಕೊಂಡು ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್, ವಾಲ್ವ್, ಪಿಸ್ಟನ್ ತಲೆ ಮೂರರ ಮೇಲೂ ಕೆಲಸ ಮಾಡುತ್ತದೆ. 35 ಲೀಟರ್ ಟ್ಯಾಂಕ್ ತುಂಬಿಸಿ ಒಂದು ಬಾಟಲಿ ಹಾಕಿದೆ. ಲೋಣಾವಳಾವರೆಗೆ ಹೋಗಿ ಬಂದೆ, ಎಂಜಿನ್ ಚೆನ್ನಾಗಿ ಬಿಸಿಯಾಗಲಿ ಅಂತ. ಮುಂದಿನ ಟ್ಯಾಂಕಿಗೆ ಇನ್ನೊಂದು.

ಮುನ್ನೂರು ಕಿ.ಮೀ. ಆದಮೇಲೆ ನಿಂತಾಗಿನ ನಡುಕ ಪೂರ್ತಿ ಹೋಯಿತು. ಸುಮ್ನೆ ಅನ್ನಿಸಿಕೆ ಆಗಬಾರದು ಅಂತ ಹೊಗೆ ತಪಾಸಣೆಯ ಪಿಯುಸಿ ಚೀಟಿಗಳನ್ನು ಇಟ್ಟುಕೊಂಡಿದ್ದೆ. ಬಾಟಲಿಗೆ ಮುಂಚೆ ಕಾರ್ಬನ್ ಮೊನಾಕ್ಸೈಡ್ 0.41 ಪರ್ಸೆಂಟ್ ಇತ್ತು, ಆಮೇಲೆ 0.19. ನಮ್ಮ ಬಿಎಸ್ 3 ಕಾರಿಗೆ ಮಿತಿ 0.5. ಪಾಸಾಗಲು ಒದ್ದಾಡುವ ಹಳೆ ಕಾರಿಗೆ ಇದು ದೊಡ್ಡ ವ್ಯತ್ಯಾಸ.

ಮೈಲೇಜ್, ಇಲ್ಲಿಯವರ ಬಾಯಲ್ಲಿ ಆವರೇಜ್, ಲೀಟರಿಗೆ 12.8ರಿಂದ 13.3ಕ್ಕೆ ಹೋಯಿತು. ಇದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಿಂಹಗಡ ರೋಡಿನಲ್ಲಿ ಒಂದು ವಾರ ಟ್ರಾಫಿಕ್ ಕಡಿಮೆ ಇದ್ದರೂ ಅಷ್ಟು ಬರುತ್ತದೆ. ಈಗ ಪೆಟ್ರೋಲ್‌ನಲ್ಲಿ 20 ಪರ್ಸೆಂಟ್ ಎಥನಾಲ್ ಬೇರೆ ಇದೆ. ಎಥನಾಲ್‌ನ ಶಕ್ತಿ ಪೆಟ್ರೋಲ್‌ಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆ, ಹಳೆಯ ಆವರೇಜ್ ಜೊತೆ ಹೋಲಿಸುವ ಹಾಗೇ ಇಲ್ಲ. ಅದು ನೀರನ್ನೂ ಎಳೆದುಕೊಳ್ಳುತ್ತದೆ, ಟ್ಯಾಂಕಿನ ಹಳೆ ಕೊಳೆಯನ್ನೂ ಬಿಡಿಸುತ್ತದೆ. ಹಾಗಾಗಿ ಫ್ಯುಯೆಲ್ ಫಿಲ್ಟರ್, ರಬ್ಬರ್ ಪೈಪ್ ಕಡೆ ಒಂದು ಕಣ್ಣಿರಲಿ.

ಒಂದು ಎಚ್ಚರಿಕೆ. ಪಿಇಎ ಸ್ವಲ್ಪ ಪಿಸ್ಟನ್ ರಿಂಗ್ ದಾಟಿ ಆಯಿಲ್‌ಗೂ ಇಳಿಯುತ್ತದೆ. ಆದ್ದರಿಂದ ಆಯಿಲ್ ಬದಲಾಯಿಸುವ ಸ್ವಲ್ಪ ಮುಂಚೆ ಹಾಕುವುದು ಒಳ್ಳೆಯದು. ಪೆಟ್ರೋಲನ್ನು ನೇರ ಸಿಲಿಂಡರ್ ಒಳಗೇ ಚಿಮ್ಮಿಸುವ ಹೊಸ ಟರ್ಬೊ ಕಾರುಗಳಲ್ಲಿ ಈ ಬಾಟಲಿ ಇನ್‌ಟೇಕ್ ವಾಲ್ವ್ ತೊಳೆಯುವುದಿಲ್ಲ, ಅಲ್ಲಿ ಪೆಟ್ರೋಲ್ ವಾಲ್ವ್ ಮೇಲೆ ಬೀಳುವುದೇ ಇಲ್ಲ. 95 ಆಕ್ಟೇನ್ ಪೆಟ್ರೋಲನ್ನೂ ಮೂರು ಟ್ಯಾಂಕ್ ಹಾಕಿ ನೋಡಿದೆ. ನಮ್ಮ ಎಂಜಿನ್ ಅಷ್ಟು ಆಕ್ಟೇನ್ ಕೇಳುವುದಿಲ್ಲ, ಆ ದುಡ್ಡು ಉಳಿಸಿ.

ಇಲ್ಲಿಯವರೆಗೆ ಖುಷಿಯಾಗಿದ್ದೆ. ಆಮೇಲೆ ಬಂತು ಫ್ಲಶ್.

ಆಯಿಲ್ ಬದಲಾಯಿಸಲು ಮನೆ ಹತ್ತಿರದ ಒಂದು ಗ್ಯಾರೇಜಿಗೆ ಕೊಟ್ಟೆ. ಅವರೇ ಫ್ಲಶ್ ಹಾಕೋಣ ಅಂದರು, ನಾನೂ ಒಪ್ಪಿದೆ. ಬಿಸಿ ಆಯಿಲ್‌ಗೆ ಬಾಟಲಿ ಸುರಿದು ಹತ್ತು ನಿಮಿಷ ಎಂಜಿನ್ ನಿಂತಲ್ಲೇ ಓಡಿಸಿ, ಎಲ್ಲವನ್ನೂ ಇಳಿಸಿ ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿದರು. ಇಳಿದ ಆಯಿಲ್ ಕಾಡಿಗೆಯಂತೆ ಕಪ್ಪು. ನೋಡಿ ಸಮಾಧಾನವಾಯಿತು. ಎಂಜಿನ್ ಮೇಲಿನ ಮುಚ್ಚಳ, ಅಂದರೆ ಟ್ಯಾಪೆಟ್ ಕವರ್ ತೆಗೆದು ಒಳಗೆ ಎಷ್ಟು ಗಟ್ಟಿ ಇದೆ ಅಂತ ಮಾತ್ರ ಯಾರೂ ನೋಡಲಿಲ್ಲ.

ಎರಡು ವಾರ ಬಿಟ್ಟು ಮನೆಯವರೆಲ್ಲ ಧಾರವಾಡಕ್ಕೆ ಹೊರಟೆವು. ಖಂಬಾಟಕಿ ಘಾಟ್ ಏರುವಾಗ ಆಯಿಲ್ ಪ್ರೆಶರ್ ಇಳಿದಿದೆ ಅಂತ ಎಚ್ಚರಿಸುವ ಕೆಂಪು ಲೈಟ್ ಒಮ್ಮೆ ಮಿನುಗಿತು. ಇನ್ನೊಂದು ತಿರುವಿನಲ್ಲಿ ಮತ್ತೆ. ತಕ್ಷಣ ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಸರಿಯಾಗಿಯೇ ಇತ್ತು. ಹಿಂದಿನ ಸೀಟಿನಲ್ಲಿ ಅಮ್ಮ, ಇಬ್ಬರು ಮಕ್ಕಳು, ಪಕ್ಕದಲ್ಲೇ ಲಾರಿಗಳು. ಆ ಒಂದು ಗಂಟೆ ನಾನು ಮರೆಯಲಾರೆ. ಟೋ ಮಾಡಿಸಿ ಪುಣೆಗೆ ವಾಪಸ್ ತಂದೆ.

ಈ ಸಲ ಧಾಯರಿಯಲ್ಲಿ ಗ್ಯಾರೇಜ್ ಇಟ್ಟಿರುವ, ಇಂಡಿ ಕಡೆಯ ಮೆಕ್ಯಾನಿಕ್ ಕಾಕಾ ಹತ್ತಿರ ಹೋದೆ. ಅವರು ಎಂಜಿನ್ ತಳದಲ್ಲಿರುವ ಆಯಿಲ್ ಚೇಂಬರ್ ಬಿಚ್ಚಿದರು. ಪಂಪ್ ಆಯಿಲ್ ಎಳೆದುಕೊಳ್ಳುವ ಪೈಪಿನ ತುದಿಯಲ್ಲಿ ಒಂದು ಜಾಲರಿ ಇರುತ್ತದೆ. ಅದರ ಮುಕ್ಕಾಲು ಭಾಗ ಕರಿ ಚೂರುಗಳಿಂದ ಮುಚ್ಚಿಹೋಗಿತ್ತು. ಗ್ರೀಸ್ ಇಲ್ಲಿಗೆ ಹೇಗೆ ಬಂತು ಅಂತ ಕೇಳಿದೆ. "ಗ್ರೀಸ್ ಅಲ್ರೀ ಸರ, ನಿಮ್ಮ ಆಯಿಲೇ ಇದು. ಮ್ಯಾಲ ಕುಂತಿದ್ದು ಒಮ್ಮೆಲೇ ಕೆಳಗ ಬಿದ್ದದ" ಅಂದರು. ಫ್ಲಶ್ ಗಟ್ಟಿ ಪದರವನ್ನು ಕರಗಿಸಿರಲಿಲ್ಲ, ಚಕ್ಕೆ ಚಕ್ಕೆಯಾಗಿ ಬಿಡಿಸಿತ್ತು. ಬೇಗ ಆಫ್ ಮಾಡಿದ್ದರಿಂದ ಬೇರಿಂಗ್‌ಗಳು ಉಳಿದವು.

ಹೀಗಾಗಿ ಫ್ಲಶ್ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ. ಸಮಯಕ್ಕೆ ಆಯಿಲ್ ಬದಲಾದ ಎಂಜಿನ್‌ಗೆ ಅದು ಬೇಕಾಗಿಲ್ಲ. ಬದಲಾಗದ ಎಂಜಿನ್‌ಗೆ ಅದು ಅಪಾಯ. ಹಾಕಲೇಬೇಕು ಅಂದರೆ ಚೇಂಬರ್ ಬಿಚ್ಚಿ ಜಾಲರಿ ತೊಳೆಯುವ ಖರ್ಚನ್ನೂ ಸೇರಿಸಿಕೊಳ್ಳಿ.

ಮೂರನೆಯದು ಆಯಿಲ್ ಜೊತೆ ಬೆರೆಸುವ ದಪ್ಪನೆಯ ದ್ರವ, ಜೇನುತುಪ್ಪದ ಹಾಗೆ ಇರುತ್ತದೆ. ನಮ್ಮ ಕಾರು 1,500 ಕಿ.ಮೀ.ಗೆ ಒಂದು ಲೀಟರ್ ಆಯಿಲ್ ಕುಡಿಯುತ್ತಿತ್ತು. ಇದನ್ನು ಹಾಕಿದ ಮೇಲೆ ಆಯಿಲ್ ಉರಿದು ಬರುತ್ತಿದ್ದ ನೀಲಿ ಹೊಗೆ ಕಡಿಮೆಯಾಯಿತು, ನಿಜ. ಆದರೆ ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಟ್ಯಾಪೆಟ್ ಸದ್ದು ಮೊದಲಿಗಿಂತ ಜಾಸ್ತಿ ಹೊತ್ತು ಕೇಳುತ್ತಿತ್ತು. ದಪ್ಪ ಆಯಿಲ್ ಮೇಲೆ ಏರಲು ಸಮಯ ತೆಗೆದುಕೊಳ್ಳುತ್ತದೆ, ಅಷ್ಟು ಹೊತ್ತು ವಾಲ್ವ್‌ಗಳನ್ನು ತೆರೆಯುವ ಕ್ಯಾಮ್ ಒಣಗಿರುತ್ತದೆ. ಸ್ವಚ್ಛ ಮಾಡುವ ಗುಣ ಇದರಲ್ಲಿ ಇಲ್ಲ. ಕಾಕಾ ಹೊಗೆಯ ಕಾರಣ ಹುಡುಕಿದರು. ಸ್ಟಾರ್ಟ್ ಆದಾಗ ಮಾತ್ರ ನೀಲಿ ಹೊಗೆ ಬಂದರೆ ಸಾಮಾನ್ಯವಾಗಿ ವಾಲ್ವ್ ಪಕ್ಕದಿಂದ ಆಯಿಲ್ ಇಳಿಯದಂತೆ ತಡೆಯುವ ರಬ್ಬರ್, ಅಂದರೆ ವಾಲ್ವ್ ಸ್ಟೆಮ್ ಸೀಲ್ ಗಟ್ಟಿಯಾಗಿರುತ್ತದೆ. ರೇಸ್ ಮಾಡಿದಾಗಲೆಲ್ಲ ಬಂದರೆ ರಿಂಗ್ ಸವೆದಿರುತ್ತದೆ. ನಮ್ಮದು ಸೀಲ್. ಜೊತೆಗೆ ಎಂಜಿನ್ ಒಳಗಿನ ಆವಿಯನ್ನು ಹೊರಗೆ ಬಿಡುವ ಪಿಸಿವಿ ವಾಲ್ವ್ ಕೂಡ ಕಟ್ಟಿಕೊಂಡಿತ್ತು. ಎರಡನ್ನೂ ಬದಲಾಯಿಸಿದರು. ಹೊಗೆ ನಿಂತಿತು. ಈಗ ಎರಡು ಆಯಿಲ್ ಬದಲಾವಣೆ ಮಧ್ಯೆ ತುಂಬಿಸುವ ಪ್ರಮೇಯವೇ ಬರುತ್ತಿಲ್ಲ.

ಒಳಗಿನ ಲೇಹ್ಯಕ್ಕೆ ಏನು ಮಾಡಿದೆ? ಬಾಟಲಿ ಏನೂ ಇಲ್ಲ. ಮ್ಯಾನುಯಲ್‌ನಲ್ಲಿ ಹೇಳಿದ ಗ್ರೇಡಿನ ಒಳ್ಳೆ ಆಯಿಲ್ ಹಾಕಿ 2,500 ಕಿ.ಮೀ.ಗೆ ಇಳಿಸುವುದು, ಪ್ರತಿ ಸಲ ಹೊಸ ಫಿಲ್ಟರ್. ಒಟ್ಟು ಮೂರು ಸಲ ಹೀಗೆ. ಒಳ್ಳೆ ಆಯಿಲ್‌ನಲ್ಲೇ ಕೊಳೆ ಬಿಡಿಸುವ ಡಿಟರ್ಜೆಂಟ್, ಬಿಟ್ಟ ಕೊಳೆಯನ್ನು ತೇಲಿಸಿ ಫಿಲ್ಟರ್‌ಗೆ ತಲುಪಿಸುವ ಡಿಸ್ಪರ್ಸೆಂಟ್ ಎರಡೂ ಇರುತ್ತವೆ. ನಿಧಾನಕ್ಕೆ ಕರಗಿಸುವುದರಿಂದ ಚಕ್ಕೆ ಬೀಳುವ ಭಯ ಕಡಿಮೆ. ಮೂರು ಬದಲಾವಣೆಗೆ ಆರು ಸಾವಿರದ ಹತ್ತಿರ ಆಯಿತು. ಟೋ ಮತ್ತು ಚೇಂಬರ್ ಕೆಲಸಕ್ಕೆ ಅದಕ್ಕಿಂತ ಜಾಸ್ತಿ ಕೊಟ್ಟಿದ್ದೆ. ಇದರ ಜೊತೆ ವಾರಕ್ಕೊಮ್ಮೆಯಾದರೂ ನಲವತ್ತು ಕಿ.ಮೀ. ಹೈವೇ ಮೇಲೆ ಓಡಿಸುತ್ತೇನೆ, ಆಯಿಲ್ ಪೂರ್ತಿ ಬಿಸಿಯಾಗಲಿ ಅಂತ.

ಮೂರನೇ ಸಲ ಆಯಿಲ್ ಬದಲಾಯಿಸುವಾಗ ಕಾಕಾ ಟ್ಯಾಪೆಟ್ ಕವರ್ ತೆಗೆದು ಕರೆದರು. ಮೊದಲು ಉಗುರಿನಿಂದ ಕೆರೆದರೆ ಪದರ ಬರುತ್ತಿದ್ದ ಜಾಗದಲ್ಲಿ ಈಗ ಲೋಹ ಕಾಣುತ್ತಿತ್ತು. ಕ್ಯಾಮ್ ಮೇಲೆ ಚಹಾ ಬಣ್ಣದ ತೆಳು ಕಲೆ ಮಾತ್ರ ಉಳಿದಿತ್ತು. ಫೋಟೊ ತೆಗೆದು ಮಾವನಿಗೆ ತೋರಿಸಿದೆ. ಅವರು ಫೋನನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ, "ಭಾನುವಾರ ಸಂಘಕ್ಕೆ ಇದರಲ್ಲೇ ಕರ್ಕೊಂಡು ಹೋಗು, ಆದರೆ ಕಾತ್ರಜ್‌ವರೆಗೆ ಒಂದು ಸುತ್ತು ಹಾಕಿ ಹೋಗೋಣ" ಅಂದರು.